ಟ್ರಾಮಿಗೆ ಜಾಗ ಬಿಟ್ಟುಕೊಟ್ಟ ವೀಕ್ಷಣಾಲಯ

ಮುಂಬೈಯ ಕುದುರೆ ಟ್ರಾಮುಗಳನ್ನು ವಿದ್ಯುತ್ತಿನಿಂದ ಓಡಿಸುವ ಮಾತು 1900ರ ಹೊತ್ತಿಗೆ ಗಟ್ಟಿಯಾಯಿತು. ಊರಿಗೆ ಅದು ಒಳ್ಳೆಯ ಸುದ್ದಿ. ದ್ವೀಪದ ದಕ್ಷಿಣದ ತುದಿಯಲ್ಲಿದ್ದ ಕೊಲಾಬಾ ಸರ್ಕಾರಿ ವೀಕ್ಷಣಾಲಯಕ್ಕೆ ಮಾತ್ರ ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿರಲಿಲ್ಲ. ಟ್ರಾಮಿಗೆ ಉಣಿಸುವ ನೇರ ವಿದ್ಯುತ್ತು ಹಳಿಯ ಮೂಲಕ ಹಿಂದಿರುಗಬೇಕು, ಆದರೆ ಪೂರ್ತಿಯಾಗಿ ಹಿಂದಿರುಗುವುದಿಲ್ಲ. ಒಂದಷ್ಟು ಪಾಲು ನೆಲಕ್ಕೆ ಸೋರುತ್ತದೆ. ವಿದ್ಯುತ್ತು ಹರಿದಲ್ಲೆಲ್ಲ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಅರವತ್ತು ವರ್ಷಗಳಿಂದ ಭೂಮಿಯ ಕಾಂತಕ್ಷೇತ್ರದ ಸಣ್ಣ ಮಿಸುಕಾಟವನ್ನೂ ಬರೆದಿಡುತ್ತ ಬಂದಿದ್ದ ಸೂಜಿಗಳು ಇನ್ನು ಮುಂದೆ ಟ್ರಾಮಿನ ವೇಳಾಪಟ್ಟಿಯನ್ನು ಬರೆಯತೊಡಗುತ್ತವೆ ಎಂಬುದು ನಿರ್ದೇಶಕ ನಾನಾಭಾಯ್ ಅರ್ದೇಶಿರ್ ಫ್ರಾಮ್‌ಜಿ ಮೂಸ್ ಅವರಿಗೆ ಸ್ಪಷ್ಟವಾಗಿತ್ತು.

ಇಂಥ ಸಂದರ್ಭದಲ್ಲಿ ಸಂಸ್ಥೆಗಳು ಸಾಮಾನ್ಯವಾಗಿ ಹೇಗೆ ನಡೆದುಕೊಳ್ಳುತ್ತವೆ ಎಂಬುದು ನಮಗೆಲ್ಲ ಗೊತ್ತು: ಪತ್ರ ಬರೆಯುತ್ತವೆ, ಆಕ್ಷೇಪಣೆ ಸಲ್ಲಿಸುತ್ತವೆ, ಸೋತು ಸುಮ್ಮನಾಗುತ್ತವೆ. ಕೊಲಾಬಾ ಹಾಗೆ ಮಾಡಲಿಲ್ಲ. ಜಾಗವನ್ನು ಟ್ರಾಮಿಗೆ ಬಿಟ್ಟುಕೊಟ್ಟು ಸಮುದ್ರದಾಚೆಗೆ ಹೋಯಿತು, ಅಂಕಿಗಳ ಸಾಲನ್ನು ಎಲ್ಲೂ ಕಡಿಯದೆ ಜೊತೆಗೆ ಒಯ್ದಿತು. ಈ ಸಂಸ್ಥೆಯ ಇತಿಹಾಸದಲ್ಲಿ ಹೆಮ್ಮೆಪಡುವ ಸಂಗತಿಗಳು ಹಲವಿದ್ದರೂ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಸ್ಥಳಾಂತರವೇ. ಅದು ಹೇಗೆ ನಡೆಯಿತೆಂದು ಹೇಳುವ ಮೊದಲು, ಅಷ್ಟು ಜತನದಿಂದ ಒಯ್ಯುವಂಥದ್ದು ಅಲ್ಲಿ ಏನಿತ್ತು ಎಂಬುದನ್ನು ಹೇಳಬೇಕು.

ಕೊಲಾಬಾ ವೀಕ್ಷಣಾಲಯವನ್ನು ಈಸ್ಟ್ ಇಂಡಿಯಾ ಕಂಪನಿ ಕಟ್ಟಿಸಿದ್ದು 1826ರಲ್ಲಿ. ಉದ್ದೇಶ ಕಾಂತಕ್ಷೇತ್ರವಲ್ಲ, ವ್ಯಾಪಾರ. ಬಂದರಿಗೆ ಬರುವ ಹಡಗುಗಳು ತಮ್ಮ ಗಡಿಯಾರ ಸರಿಪಡಿಸಿಕೊಳ್ಳಲು ನಂಬಿಕೆಯ ಹೊತ್ತು ಬೇಕಿತ್ತು, ಹೊತ್ತು ತಿಳಿಯಲು ನಕ್ಷತ್ರ ನೋಡಬೇಕಿತ್ತು. ಕಂಪನಿ ಕಳಿಸಿದ ಖಗೋಳಜ್ಞ ಜಾನ್ ಕರ್ನಿನ್ ಉಪಕರಣಗಳ ವಿಷಯದಲ್ಲಿ ಸರ್ಕಾರದೊಡನೆ ಜಟಾಪಟಿಗೆ ಬಿದ್ದು ಕೆಲವೇ ವರ್ಷದಲ್ಲಿ ಕೆಲಸ ಕಳೆದುಕೊಂಡರು. ಆ ಮೇಲೆ ಸ್ವಲ್ಪ ಕಾಲ ಈ ಕಟ್ಟಡಕ್ಕೆ ಹೇಳಿಕೊಳ್ಳುವಂಥ ಕೆಲಸವೇ ಇರಲಿಲ್ಲ.

ಅದಕ್ಕೆ ನಿಜವಾದ ಕಸುಬು ಸಿಕ್ಕಿದ್ದು 1841ರಲ್ಲಿ. ಅತ್ತ ಯುರೋಪಿನಲ್ಲಿ ವಿಜ್ಞಾನಿಗಳಾದ ಹುಂಬೋಲ್ಟ್ ಮತ್ತು ಗೌಸ್, ಭೂಮಿಯ ಕಾಂತಗುಣವನ್ನು ಅರಿಯಬೇಕಾದರೆ ಒಂದೇ ಊರಿನಲ್ಲಿ ಅಳೆದರೆ ಸಾಲದು, ಹಲವು ದೇಶಗಳಲ್ಲಿ ಒಂದೇ ಗಳಿಗೆಗೆ ಅಳೆಯಬೇಕು ಎಂದು ಹಟ ಹಿಡಿದಿದ್ದರು. ಗೌಸ್ ಇದ್ದ ಗಟ್ಟಿಂಗೆನ್ನಿನ ಗಡಿಯಾರವನ್ನೇ ಎಲ್ಲರೂ ಅನುಸರಿಸುವುದು ಎಂದಾಗಿತ್ತು. ಬ್ರಿಟನ್ನಿನಲ್ಲಿ ಎಡ್ವರ್ಡ್ ಸಬೈನ್ ಇದನ್ನೊಂದು ಆಂದೋಲನವನ್ನಾಗಿ ಮಾಡಿ ಟೊರಾಂಟೊ, ಸೇಂಟ್ ಹೆಲೆನಾ, ಕೇಪ್, ಹೋಬಾರ್ಟ್‌ಗಳಲ್ಲಿ ಕೇಂದ್ರ ತೆರೆಸಿದರು. ಕಂಪನಿಯ ಪಾಲಿಗೆ ಶಿಮ್ಲಾ, ಮದ್ರಾಸು, ಸಿಂಗಪುರ, ಮುಂಬೈ ಬಂದವು. ಶಿಮ್ಲಾ, ಸಿಂಗಪುರದವು ಕೆಲವೇ ವರ್ಷಕ್ಕೆ ಮುಚ್ಚಿಹೋದವು. ದಕ್ಷಿಣದಲ್ಲಿ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1837ರಲ್ಲಿ ತಿರುವನಂತಪುರದಲ್ಲಿ ಸ್ಥಾಪಿಸಿದ ವೀಕ್ಷಣಾಲಯವೂ ಒಳ್ಳೆಯ ಕಾಂತ ಮಾಪನ ನಡೆಸಿತು. ಅಲ್ಲಿನ ಜಾನ್ ಅಲನ್ ಬ್ರೌನ್ ಅಗಸ್ತ್ಯಮಲೆಯ ನೆತ್ತಿಗೂ ಉಪಕರಣ ಹೊರಿಸಿದ ಸಾಹಸಿ. ಆದರೆ ಅವರು 1865ರಲ್ಲಿ ಹೊರಟುಹೋದ ಮೇಲೆ ಅಲ್ಲಿ ಮೊದಲಿನ ಹುರುಪು ಉಳಿಯಲಿಲ್ಲ. ಕೊಲಾಬಾ ಉಳಿಯಿತು.

ಅಲ್ಲಿ ಕೆಲಸ ಆರಂಭಿಸಿದವರು ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯ ಪ್ರಾಧ್ಯಾಪಕ ಆರ್ಥರ್ ಬೆಡ್‌ಫರ್ಡ್ ಆರ್ಲೆಬಾರ್. ಡಬ್ಲಿನ್ನಿನ ಗ್ರಬ್ ಕಂಪನಿ ತಯಾರಿಸಿದ ಕಾಂತಮಾಪಕಗಳು ಬಂದವು. ಆರ್ಲೆಬಾರರ ಕೈಕೆಳಗೆ ದುಡಿದವರಲ್ಲಿ ಭಾರತೀಯರು ಹಲವರು. ಮರಾಠಿಯ ಮೊದಲ ಪತ್ರಿಕೆ ‘ದರ್ಪಣ’ದ ಸಂಪಾದಕ ಬಾಳಶಾಸ್ತ್ರಿ ಜಾಂಭೇಕರ್ ಕೆಲಕಾಲ ವೀಕ್ಷಣಾಲಯದ ಹೊಣೆ ಹೊತ್ತಿದ್ದರು. ಮುಂದೆ ಪುಣೆಯಲ್ಲಿ ಗಣಿತ ಕಲಿಸಿ, ಬಾಲಗಂಗಾಧರ ತಿಲಕರಿಗೂ ಗುರುವಾದ ಕೇರೋ ಲಕ್ಷ್ಮಣ ಛತ್ರೆ ಹದಿಹರೆಯದಲ್ಲೇ ಇಲ್ಲಿ ಸಹಾಯಕನಾಗಿ ಸೇರಿದ್ದವರು. ನಮ್ಮ ವಿಜ್ಞಾನ ಚರಿತ್ರೆಗಳು ಸಾಹೇಬರ ಹೆಸರಿಗೇ ನಿಂತುಬಿಡುತ್ತವೆ. ರಾತ್ರಿ ಎರಡಕ್ಕೂ ಮೂರಕ್ಕೂ ಎದ್ದು ದೂರದರ್ಶಕದಲ್ಲಿ ಕಣ್ಣಿಟ್ಟವರ ಹೆಸರು ಬಹುಪಾಲು ಅಚ್ಚಾದದ್ದೇ ಇಲ್ಲ.

ಮೊದಲ ಕೆಲ ವರ್ಷ ಅಳತೆಗಳಲ್ಲಿ ಅಲ್ಲಲ್ಲಿ ತೆರಪು ಇತ್ತು. 1846ರಿಂದ ಸಾಲು ಕಟ್ಟುನಿಟ್ಟಾಯಿತು. ಕೆಲಸದ ಬಗೆ ಹೀಗೆ: ದಾರಕ್ಕೆ ತೂಗುಹಾಕಿದ ಅಯಸ್ಕಾಂತದ ಪಟ್ಟಿ ಗಾಳಿಯಾಡದ ಪೆಟ್ಟಿಗೆಯೊಳಗೆ ತಂಗಿರುತ್ತದೆ. ದೂರದಲ್ಲಿ ಕೂತವರು ದೂರದರ್ಶಕದ ಮೂಲಕ ಅಳತೆಪಟ್ಟಿಯ ಗೆರೆಯನ್ನು ಓದುತ್ತಾರೆ. ಒಂದು ಉಪಕರಣ ಸೂಜಿ ನಿಜ ಉತ್ತರದಿಂದ ಎಷ್ಟು ವಾಲಿದೆ ಎಂದು ಹೇಳಿದರೆ, ಇನ್ನೊಂದು ಕ್ಷೇತ್ರದ ಸಮತಲ ಬಲವನ್ನು, ಮತ್ತೊಂದು ಲಂಬ ಬಲವನ್ನು ಹೇಳುತ್ತದೆ. ಗಂಟೆಗೊಮ್ಮೆ ಓದು, ಬರೆ. ಉಷ್ಣತೆ ನೋಡು, ಅದನ್ನೂ ಬರೆ. ಹಗಲು, ರಾತ್ರಿ, ಮುಂಗಾರು, ಹಬ್ಬ ಯಾವುದೂ ಲೆಕ್ಕಕ್ಕಿಲ್ಲ. ಬಹುಪಾಲು ದಿನ ಏನೂ ಆಗುವುದಿಲ್ಲ. ಇಂದಿನ ಮಾನದಲ್ಲಿ ಹೇಳುವುದಾದರೆ, ಸುಮಾರು 38,000 ನ್ಯಾನೊಟೆಸ್ಲಾ ಇರುವ ಸಮತಲ ಬಲ ಮಧ್ಯಾಹ್ನದ ಹೊತ್ತಿಗೆ ಕೆಲವು ಹತ್ತು ನ್ಯಾನೊಟೆಸ್ಲಾ ಏರಿ ಸಂಜೆಗೆ ಇಳಿಯುತ್ತದೆ. ಅಷ್ಟೇ. ನೂರರಷ್ಟು ಕುಸಿದರೆ ಅದು ಕಾಂತ ಬಿರುಗಾಳಿ.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರೆಡ್‌ಹಿಲ್‌ನಲ್ಲಿ ಖಗೋಳಜ್ಞ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯಕಲೆಗಳ ಚಿತ್ರ ಬರೆಯುತ್ತಿದ್ದಾಗ ಆ ಕಲೆಗಳ ಮೇಲೆ ಎರಡು ಬಿಳಿಯ ಹೊಳಪು ಚಿಮ್ಮಿ ಐದು ನಿಮಿಷದಲ್ಲಿ ಆರಿಹೋಯಿತು. ಅಲ್ಲಿನ ಗಡಿಯಾರದಲ್ಲಿ ಬೆಳಗಿನ 11 ಗಂಟೆ 18 ನಿಮಿಷ. ಮುಂಬೈಯಲ್ಲಿ ಸಂಜೆ ನಾಲ್ಕು ದಾಟಿತ್ತು. ಇಲ್ಲಿ ಯಾರಿಗೂ ಅದರ ಸುಳಿವಿಲ್ಲ. ಹದಿನೇಳೂವರೆ ಗಂಟೆ ಕಳೆದು, ಸೆಪ್ಟೆಂಬರ್ 2ರ ಶುಕ್ರವಾರ ಬೆಳಿಗ್ಗೆ, ಕೊಲಾಬಾದ ಸೂಜಿಗಳು ಮೊದಲು ಒಮ್ಮೆ ಮೇಲಕ್ಕೆ ನೆಗೆದವು. ಆಮೇಲೆ ಸಮತಲ ಬಲ ಇಳಿಯತೊಡಗಿತು, ಇಳಿಯುತ್ತಲೇ ಹೋಯಿತು. ಒಂದೂವರೆ ಗಂಟೆಯಷ್ಟರಲ್ಲಿ ಸುಮಾರು 1,600 ನ್ಯಾನೊಟೆಸ್ಲಾ ಕುಸಿದು, ನಡುಹಗಲಿನ ಹೊತ್ತಿಗೆ ಅಷ್ಟೇ ಅವಸರದಲ್ಲಿ ಬಹುಮಟ್ಟಿಗೆ ಮೇಲೆದ್ದಿತು.

ಆಗ ವೀಕ್ಷಣಾಲಯದ ಮೇಲ್ವಿಚಾರಕರು ಇಂಡಿಯನ್ ನೇವಿಯ ಲೆಫ್ಟಿನೆಂಟ್ ಫರ್ಗ್ಯುಸನ್. ಸೂಜಿ ಕಂಗೆಟ್ಟ ದಿನ ಗಂಟೆಗೊಮ್ಮೆ ಓದಿದರೆ ಸಾಲದು ಎಂಬುದು ಅಲ್ಲಿನ ಪಾಠ. ಸಹಾಯಕರು ಹದಿನೈದು ನಿಮಿಷಕ್ಕೊಮ್ಮೆ, ಗದ್ದಲ ಹೆಚ್ಚಿದಾಗ ಐದು ನಿಮಿಷಕ್ಕೊಮ್ಮೆ ಓದಿ ಬರೆದರು. ಆಗ ಲಂಡನ್ ಬಳಿಯ ಕ್ಯೂ ವೀಕ್ಷಣಾಲಯದಲ್ಲಿ ಹೊಚ್ಚ ಹೊಸ ಫೋಟೋ ಯಂತ್ರವಿತ್ತು. ಬೆಳಕಿನ ಚುಕ್ಕೆ ಕಾಗದದ ಮೇಲೆ ತಾನೇ ಗೆರೆ ಎಳೆಯುತ್ತಿತ್ತು. ಬಿರುಗಾಳಿಯ ಭರಕ್ಕೆ ಆ ಚುಕ್ಕೆ ಕಾಗದದ ಅಂಚು ದಾಟಿ ಹೊರಗೆ ಹೋಯಿತು, ಮುಖ್ಯ ಗಳಿಗೆಯ ದಾಖಲೆಯೇ ತಪ್ಪಿತು. ಕೊಲಾಬಾದಲ್ಲಿ ಯಂತ್ರವಿರಲಿಲ್ಲ, ಕಣ್ಣಿತ್ತು. ಕಣ್ಣಿಗೆ ಅಂಚಿಲ್ಲ. ಅತ್ತ ಅಮೆರಿಕದಲ್ಲಿ ಬಾಸ್ಟನ್ ಮತ್ತು ಪೋರ್ಟ್‌ಲೆಂಡ್ ನಡುವಿನ ಟೆಲಿಗ್ರಾಫ್ ನೌಕರರು ಬ್ಯಾಟರಿ ಕಳಚಿಟ್ಟು, ತಂತಿಯಲ್ಲಿ ತಾನಾಗಿ ಹರಿಯುತ್ತಿದ್ದ ವಿದ್ಯುತ್ತಿನಿಂದಲೇ ಸಂದೇಶ ಕಳಿಸುತ್ತಿದ್ದರು. ಧ್ರುವಪ್ರಭೆಯ ಕೆಂಪು ಉಷ್ಣವಲಯದ ಅಂಚಿನವರೆಗೂ ಇಳಿದಿತ್ತು. ಮುಂಬೈಯಲ್ಲಿ ಮಾತ್ರ ಹಾಡಹಗಲು. ಕಿಟಕಿಯಾಚೆ ನೋಡಿದವರಿಗೆ ಕಂಡದ್ದು ಮಾಮೂಲಿ ಭಾದ್ರಪದದ ಆಕಾಶ. ಮರುವರ್ಷ ಅಂಕಿಗಳು ಎಂದಿನಂತೆ ವಾರ್ಷಿಕ ಸಂಪುಟದಲ್ಲಿ ಅಚ್ಚಾದವು, ಸಂಪುಟ ಕಪಾಟು ಸೇರಿತು.

1865ರಲ್ಲಿ ಬಂದ ಚಾರ್ಲ್ಸ್ ಚೇಂಬರ್ಸ್ ಮೂವತ್ತು ವರ್ಷ ಇಲ್ಲಿದ್ದರು. ಅವರ ಕಾಲದಲ್ಲಿ, 1872ರ ಹೊತ್ತಿಗೆ, ಕೊಲಾಬಾಕ್ಕೂ ಫೋಟೋ ದಾಖಲೆ ಬಂತು. ಗಂಟೆಗೊಮ್ಮೆ ಕಣ್ಣಿಡುವ ಕಷ್ಟ ತಪ್ಪಿತು, ಗೆರೆ ಅಖಂಡವಾಯಿತು. ಅದೇ 1872ರ ಫೆಬ್ರವರಿ 4ರ ರಾತ್ರಿ ಇನ್ನೊಂದು ಮಹಾ ಬಿರುಗಾಳಿ ಬೀಸಿತು. ಮುಂಬೈಯಲ್ಲೂ ಧ್ರುವಪ್ರಭೆ ಕಂಡಿತೆಂದು ಪತ್ರಿಕೆಯಲ್ಲಿ ವರದಿಯಾಯಿತು. ಕರಾವಳಿಯ ಆಕಾಶದಲ್ಲಿ ಧ್ರುವದ ಬೆಳಕು ಎಂದರೆ ನಂಬುವವರಾರು? ಆದರೆ ಅಂದು ಮುಂಬೈಗೂ ಏಡನ್‌ಗೂ ನಡುವಿನ ತಂತಿ ಕೂಡ ಕೆಟ್ಟಿತ್ತು, ಕೊಲಾಬಾದ ದಾಖಲೆಯಲ್ಲೂ ಕುಸಿತ ಇದೆ. ಮೂರು ಸಾಕ್ಷಿ ಒಂದೇ ಮಾತು ಹೇಳುತ್ತಿರುವಾಗ ನಂಬದೆ ವಿಧಿಯಿಲ್ಲ.

1896ರಲ್ಲಿ ಚೇಂಬರ್ಸ್ ತೀರಿಕೊಂಡ ಮೇಲೆ ಹೊಣೆ ಮೂಸ್ ಅವರಿಗೆ ಬಂತು. ಈ ಹುದ್ದೆಗೆ ಬಂದ ಮೊದಲ ಭಾರತೀಯ ನಿರ್ದೇಶಕರು ಅವರು. ಪಾರ್ಸಿ, ಎಡಿನ್‌ಬರೋದಲ್ಲಿ ಓದಿದವರು. ಕಾಕತಾಳೀಯವೆಂದರೆ ಅವರು ಹುಟ್ಟಿದ್ದೂ 1859ರಲ್ಲೇ, ಆ ಮಹಾ ಬಿರುಗಾಳಿ ಕಳೆದು ಎರಡು ತಿಂಗಳು ತುಂಬುವ ಮುನ್ನ. ಕೊಲಾಬಾದಲ್ಲಿ ಭೂಕಂಪಮಾಪಕ ಕೂರಿಸಿದವರೂ ಅವರೇ. ಇಷ್ಟೆಲ್ಲ ಚಟುವಟಿಕೆಯ ನಡುವೆ ಟ್ರಾಮಿನ ಸಂಗತಿ ಎದುರಾಯಿತು.

ಹೊಸ ಜಾಗ ಹುಡುಕುವಾಗ ಎರಡು ಎಳೆತಗಳಿದ್ದವು. ಮುಂಬೈಯಿಂದ ಸಾಕಷ್ಟು ದೂರವಿರಬೇಕು, ಇಲ್ಲದಿದ್ದರೆ ಟ್ರಾಮಿನ ನೆಲವಿದ್ಯುತ್ತು ಅಲ್ಲಿಗೂ ತಲುಪೀತು. ತೀರಾ ದೂರವೂ ಇರಕೂಡದು, ಇದ್ದರೆ ಹಳೆಯ ಸಾಲಿಗೂ ಹೊಸ ಸಾಲಿಗೂ ಬೆಸುಗೆ ಕೂಡದು, ಏಕೆಂದರೆ ಭೂಮಿಯ ಕಾಂತಕ್ಷೇತ್ರ ಊರಿಂದ ಊರಿಗೆ ಬೇರೆ. ಬಂದರಿನಾಚೆ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದ ಅಲಿಬಾಗ್ ಈ ಎರಡಕ್ಕೂ ಒಪ್ಪಿತು. ಮರಾಠಾ ನೌಕಾಪಡೆಯ ಆಂಗ್ರೆಗಳ ಜಲದುರ್ಗ ಎದುರಿಗಿರುವ ಈ ಪುಟ್ಟ ಊರಿಗೆ ರೈಲಿಲ್ಲ, ಟ್ರಾಮು ಬರುವ ಭಯವಂತೂ ಇಲ್ಲವೇ ಇಲ್ಲ.

ಇನ್ನು ಕಟ್ಟಡ. ಕೊಂಕಣದಲ್ಲಿ ಕಟ್ಟಡ ಕಟ್ಟುವವರು ಕೈಯಿಕ್ಕುವುದು ಕರಿಕಲ್ಲಿಗೆ. ದಖ್ಖನದ ಲಾವಾ ಹೆಪ್ಪುಗಟ್ಟಿ ಆದ ಬಸಾಲ್ಟ್ ಅದು. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ ಸೀಮೆಯ ಕರಿಕಲ್ಲಿನದೂ ಇದೇ ಕುಲ. ಅದರಲ್ಲಿ ಕಬ್ಬಿಣದ ಆಕ್ಸೈಡ್ ಹೇರಳ, ಅದು ತನ್ನದೇ ಕಾಂತಗುಣ ಇಟ್ಟುಕೊಂಡಿರುತ್ತದೆ. ಅಂಥ ಗೋಡೆಯ ನಡುವೆ ಸೂಜಿ ತೂಗುಹಾಕಿದರೆ ಅದು ಭೂಮಿಯ ಮಾತಿನ ಜೊತೆ ಗೋಡೆಯ ಮಾತನ್ನೂ ಹೇಳುತ್ತದೆ. ಹಾಗಾಗಿ ಮೂಸ್ ಕಾಂತಗುಣವಿಲ್ಲದ ಪೋರಬಂದರಿನ ಕಲ್ಲನ್ನು ತರಿಸಿದರು. ಮೊಳೆ, ಕೀಲು, ಚಿಲಕ, ಅಗಳಿ ಎಲ್ಲಕ್ಕೂ ಹಿತ್ತಾಳೆ, ತಾಮ್ರ. ಕಬ್ಬಿಣಕ್ಕೆ ಬಾಗಿಲಲ್ಲೇ ತಡೆ. ಕಾಂತಮಾಪಕಗಳು ಉಷ್ಣತೆಯ ಏರಿಳಿತಕ್ಕೆ ಕೂಡಲೇ ತಪ್ಪು ಹೇಳುವುದರಿಂದ ಕೋಣೆಯೊಳಗೆ ಕೋಣೆ ಕಟ್ಟಿ, ಕಡಲಬದಿಯ ಬಿಸಿಲು ಒಳಗಿನ ಕೋಣೆಗೆ ತಟ್ಟದಂತೆ ನೋಡಿಕೊಂಡರು. ಎಡೆಬಿಡದೆ ಏರಿಳಿತ ಬರೆಯುವ ಯಂತ್ರಗಳಿಗೆ ಒಂದು ಕಟ್ಟಡ, ಕೈಯಿಂದ ನಿಖರ ಅಳತೆ ಮಾಡಲು ಪ್ರತ್ಯೇಕವಾಗಿ ಇನ್ನೊಂದು. ನೂರಿಪ್ಪತ್ತು ವರ್ಷ ದಾಟಿದರೂ ಆ ವಿನ್ಯಾಸದಲ್ಲಿ ತಪ್ಪು ಹುಡುಕುವುದು ಕಷ್ಟ.

ಅಲಿಬಾಗ್ 1904ರ ಏಪ್ರಿಲ್‌ನಲ್ಲಿ ಕೆಲಸ ಆರಂಭಿಸಿತು. ಅಂದೇ ಕೊಲಾಬಾಕ್ಕೆ ಬೀಗ ಹಾಕಿದ್ದರೆ ಖರ್ಚು ಉಳಿಯುತ್ತಿತ್ತು, ಆದರೆ ಮುಂಬೈಯ ಸಾಲು ಅಲ್ಲಿಗೆ ಮುಗಿದು ಅಲಿಬಾಗಿನದು ಹೊಸದಾಗಿ ಶುರುವಾಗುತ್ತಿತ್ತು. ಮೂಸ್ ಎರಡೂ ಕಡೆ ಎರಡು ವರ್ಷ, 1906ರವರೆಗೆ, ಏಕಕಾಲಕ್ಕೆ ಅಳತೆ ನಡೆಸಿದರು. ಒಂದೇ ಗಳಿಗೆಯ ಎರಡು ಓದುಗಳ ನಡುವಿನ ಅಂತರ ಗೊತ್ತಾದರೆ ಅಲಿಬಾಗಿನ ಇಂದಿನ ಅಂಕಿಯನ್ನು ಕೊಲಾಬಾದ 1846ರ ಅಂಕಿಯ ಪಕ್ಕದಲ್ಲಿಟ್ಟು ನೋಡಬಹುದು. ಆ ಎರಡು ವರ್ಷದ ದುಪ್ಪಟ್ಟು ದುಡಿಮೆಯಿಂದಾಗಿಯೇ ಜಗತ್ತು ಇಂದಿಗೂ ಇವೆರಡನ್ನೂ ಒಟ್ಟಿಗೆ ಕೊಲಾಬಾ–ಅಲಿಬಾಗ್ ಎಂದು ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ. ಮುಂಬೈಯ ಮೊದಲ ವಿದ್ಯುತ್ ಟ್ರಾಮು ಓಡಿದ್ದು 1907ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಸೂಜಿಗಳು ಕ್ಷೇಮವಾಗಿ ಆಚೆ ದಡ ಸೇರಿಯಾಗಿತ್ತು.

(ಕೊಲಾಬಾದ ಹವಾಮಾನ ವಿಭಾಗ ಅಲ್ಲೇ ಉಳಿಯಿತು. ಮಳೆಗಾಲದ ಪ್ರತಿ ದಿನ ಪತ್ರಿಕೆಗಳು ಸಾಂತಾಕ್ರೂಜ್ ಇಷ್ಟು, ಕೊಲಾಬಾ ಇಷ್ಟು ಎಂದು ಬರೆಯುವಾಗ ಮುಂಬೈ ಕನ್ನಡಿಗರು ಓದುವ ಕೊಲಾಬಾ ಇದೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿದು ಊರು ಮುಳುಗಿದಾಗ ಕೊಲಾಬಾದಲ್ಲಿ ಬಿದ್ದದ್ದು 73.)

1910ರಲ್ಲಿ ಮೂಸ್ 1846ರಿಂದ 1905ರವರೆಗಿನ ಅರವತ್ತು ವರ್ಷದ ಕಾಂತ ಅಳತೆಗಳನ್ನು ವಿಶ್ಲೇಷಣೆಯೊಂದಿಗೆ ಎರಡು ಸಂಪುಟಗಳಲ್ಲಿ ಹೊರತಂದರು. ಲೆಕ್ಕವೆಲ್ಲ ಕೈಯಲ್ಲೇ. ಬಿರುಗಾಳಿಯೊಂದು ಬಂದಾಗ ಅದು ಹೊರಟ ಗಳಿಗೆಯಿಂದ ಗಂಟೆ ಎಣಿಸುತ್ತ ಹೋದರೆ ಸಮತಲ ಬಲ ಹೇಗೆ ಬದಲಾಗುತ್ತದೆ ಎಂಬುದನ್ನು ಹಲವು ಬಿರುಗಾಳಿಗಳ ಸರಾಸರಿ ತೆಗೆದು ಅವರು ತೋರಿಸಿದರು: ಮೊದಲು ಥಟ್ಟನೆ ಏರಿಕೆ, ಆಮೇಲೆ ಕುಸಿತ, ಆಮೇಲೆ ದಿನಗಟ್ಟಲೆ ನಿಧಾನ ಚೇತರಿಕೆ. ಮುಂದೆ ಸಿಡ್ನಿ ಚ್ಯಾಪ್‌ಮನ್ ಇದೇ ಹಾದಿಯಲ್ಲಿ ಹಲವು ಊರುಗಳ ದಾಖಲೆ ಸೇರಿಸಿ ಕಾಂತ ಬಿರುಗಾಳಿಯ ಶಾಸ್ತ್ರವನ್ನೇ ಕಟ್ಟಿದರು. ನಮ್ಮ ಪಠ್ಯಪುಸ್ತಕಗಳಲ್ಲಿ ಚ್ಯಾಪ್‌ಮನ್ ಸಿಗುತ್ತಾರೆ, ಮೂಸ್ ಸಿಗುವುದಿಲ್ಲ. 1919ರಲ್ಲಿ ಅವರು ನಿವೃತ್ತರಾದರು.

ಇಲ್ಲಿ ಜಾಗದ ಮಹತ್ವ ಹೇಳಬೇಕು. ಬಾಹ್ಯಾಕಾಶ ಹವಾಮಾನ ಎಂದ ಕೂಡಲೇ ನಾರ್ವೆ, ಅಲಾಸ್ಕಾ ಕಣ್ಣಿಗೆ ಬರುತ್ತವೆ, ಧ್ರುವಪ್ರಭೆ ಅಲ್ಲಿ ತಾನೆ? ಆದರೆ ಅಲ್ಲಿ ಆಕಾಶದಲ್ಲಿ ನೂರೆಂಟು ವಿದ್ಯುತ್ ಪ್ರವಾಹಗಳು ತಲೆಯ ಮೇಲೆಯೇ ಹರಿದು ಸೂಜಿಯನ್ನು ಗೊಂದಲಕ್ಕೆ ಕೆಡವುತ್ತವೆ. ಸೂರ್ಯನಿಂದ ಚಿಮ್ಮಿದ ಕಾಂತೀಯ ಮೋಡ ಭೂಮಿಗೆ ಬಡಿದಾಗ, ಅದರ ಕ್ಷೇತ್ರ ದಕ್ಷಿಣಾಭಿಮುಖವಾಗಿದ್ದರೆ, ಶಕ್ತಿ ಒಳನುಗ್ಗಿ ಭೂಮಿಯ ಸಮಭಾಜಕದ ಸುತ್ತ, ಸಾವಿರಾರು ಕಿಲೋಮೀಟರ್ ಮೇಲೆ, ವಿದ್ಯುದಾವಿಷ್ಟ ಕಣಗಳ ಬಳೆಯೊಂದು ಬಲಗೊಳ್ಳುತ್ತದೆ. ಆ ಬಳೆಯ ಪ್ರವಾಹ ಹುಟ್ಟಿಸುವ ಕ್ಷೇತ್ರ ಭೂಮಿಯ ಸಮತಲ ಬಲಕ್ಕೆ ವಿರುದ್ಧ, ಅದಕ್ಕೇ ಕುಸಿತ. ಇದು ಎಲ್ಲಕ್ಕಿಂತ ಚೊಕ್ಕವಾಗಿ ಕಾಣುವುದು ಧ್ರುವದ ಗದ್ದಲದಿಂದ ದೂರ, ಕಾಂತೀಯ ಸಮಭಾಜಕದ ನೆತ್ತಿಯಲ್ಲಿ ಹಗಲು ಹರಿಯುವ ಪ್ರವಾಹದಿಂದಲೂ ತುಸು ಆಚೆ ಇರುವ ಊರುಗಳಲ್ಲಿ. ಅಲಿಬಾಗ್ ಅಂಥ ಊರು. ಬಿರುಗಾಳಿಯ ಬಲವನ್ನು ನಿಮಿಷ ನಿಮಿಷಕ್ಕೆ ಹೇಳುವ ಜಾಗತಿಕ ಸೂಚ್ಯಂಕಕ್ಕೆ ಅಂಕಿ ಒದಗಿಸುವ ಬೆರಳೆಣಿಕೆಯ ಕೇಂದ್ರಗಳಲ್ಲಿ ಇಂದಿಗೂ ಅದರ ಹೆಸರಿದೆ.

ಸ್ವಾತಂತ್ರ್ಯದ ಆಚೀಚೆ ಅಲಿಬಾಗ್ ಹವಾಮಾನ ಇಲಾಖೆಯ ಕೈಯಲ್ಲಿತ್ತು. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ತಿರುವನಂತಪುರ, ಅಣ್ಣಾಮಲೈನಗರಗಳಲ್ಲಿ ಹೊಸ ಕೇಂದ್ರಗಳು ಬಂದವು. 1971ರಲ್ಲಿ ಇದೆಲ್ಲವನ್ನೂ ಒಗ್ಗೂಡಿಸಿ ಭಾರತೀಯ ಭೂಕಾಂತತ್ವ ಸಂಸ್ಥೆ ಎಂಬ ಸ್ವಾಯತ್ತ ಸಂಸ್ಥೆಯಾಯಿತು. ಬಿ. ಎನ್. ಭಾರ್ಗವ ಮೊದಲ ನಿರ್ದೇಶಕರು. ಈಗ ಸಂಸ್ಥೆಯ ಕೇಂದ್ರ ಕಚೇರಿ ನವಪನ್ವೇಲಿನಲ್ಲಿದೆ. ತಿರುನೆಲ್ವೇಲಿಯಿಂದ ಗುಲ್ಮಾರ್ಗ್‌ವರೆಗೆ, ರಾಜ್‌ಕೋಟ್‌ನಿಂದ ಸಿಲ್ಚಾರ್‌ವರೆಗೆ ಅದರ ವೀಕ್ಷಣಾಲಯಗಳಿವೆ, ಅಂಟಾರ್ಕ್ಟಿಕಾದ ಮೈತ್ರಿಯಲ್ಲೂ ಅದರ ಉಪಕರಣಗಳು ದುಡಿಯುತ್ತವೆ. ಆಡಳಿತದ ಈ ಏರುಪೇರುಗಳನ್ನು ವಿವರವಾಗಿ ಬರೆಯಬಹುದು, ಆದರೆ ಅವುಗಳಿಂದ ಅಂಕಿಯ ಸಾಲು ಬದಲಾಗಲಿಲ್ಲ, ಹಾಗಾಗಿ ಇಷ್ಟು ಸಾಕು.

ಅಲಿಬಾಗಿನಲ್ಲಿ ಇಂದು ಡಿಜಿಟಲ್ ಫ್ಲಕ್ಸ್‌ಗೇಟ್ ಕಾಂತಮಾಪಕ ಸೆಕೆಂಡಿಗೊಂದರಂತೆ ಅಂಕಿ ಹಿಡಿಯುತ್ತದೆ. ಫೋಟೋ ಕಾಗದವಿಲ್ಲ, ದೀಪವಿಲ್ಲ. ಹಾಗಿದ್ದರೆ ಮನುಷ್ಯರೇಕೆ ಬೇಕು? ಏಕೆಂದರೆ ಈ ಯಂತ್ರ ಏರಿಳಿತವನ್ನು ಮಾತ್ರ ಬಲ್ಲದು, ಒಟ್ಟು ಮೊತ್ತವನ್ನಲ್ಲ. ಉಷ್ಣತೆಗೆ, ಕಂಬದ ಸೂಕ್ಷ್ಮ ವಾಲಿಕೆಗೆ ಅದರ ಸೊನ್ನೆ ಮೆಲ್ಲಗೆ ಜಾರುತ್ತಿರುತ್ತದೆ. ಅಂಗಡಿಯ ತಕ್ಕಡಿಯನ್ನು ಮುದ್ರೆಯೊತ್ತಿದ ಬಟ್ಟಿನಿಂದ ಆಗಾಗ ಪರೀಕ್ಷಿಸುವಂತೆ ಇದನ್ನೂ ವಾರ ವಾರ ಪರೀಕ್ಷಿಸಬೇಕು.

ಆ ಪರೀಕ್ಷೆಗೆ ಹೋಗುವವರು ಬಾಗಿಲಲ್ಲೇ ಬೆಲ್ಟು, ಬೀಗದ ಕೈ, ಕೈಗಡಿಯಾರ, ಮೊಬೈಲು ಕಳಚಿಡಬೇಕು. ಒಳಗೆ ಕಲ್ಲಿನ ಕಂಬದ ಮೇಲೆ ಉಕ್ಕಿಲ್ಲದ ಥಿಯೊಡೊಲೈಟ್, ಅದರ ದೂರದರ್ಶಕದ ಬೆನ್ನಿಗೆ ಬೆರಳುದ್ದದ ಸಂವೇದಕ. ಮೊದಲು ಕಿಟಕಿಯಾಚೆ ದೂರದಲ್ಲಿರುವ ಗುರುತನ್ನು ನೋಡುತ್ತಾರೆ. ಅದರ ದಿಕ್ಕು ನಿಜ ಉತ್ತರದಿಂದ ಎಷ್ಟು ಕೋನದಲ್ಲಿದೆ ಎಂಬುದು ಮೊದಲೇ ಗೊತ್ತಿರುತ್ತದೆ. ಆಮೇಲೆ ದೂರದರ್ಶಕವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಸಂವೇದಕದ ಓದು ಸೊನ್ನೆಯಾಗುವಲ್ಲಿ ನಿಲ್ಲಿಸುತ್ತಾರೆ. ಸೊನ್ನೆ ಎಂದರೆ ಸಂವೇದಕ ಕ್ಷೇತ್ರಕ್ಕೆ ಸರಿಯಾಗಿ ಅಡ್ಡ ನಿಂತಿದೆ ಎಂದರ್ಥ. ಹೊತ್ತು ನೋಡಿ, ವೃತ್ತದ ಮೇಲಿನ ಕೋನ ಓದಿ ಬರೆಯುತ್ತಾರೆ. ಉಪಕರಣದ ಸ್ವಂತ ಓರೆಕೋರೆ ಕಳೆಯಲೆಂದು ದೂರದರ್ಶಕವನ್ನು ತಿರುವಿ, ಮಗುಚಿ, ನಾಲ್ಕು ಭಂಗಿಯಲ್ಲಿ ಇದನ್ನೇ ಮಾಡುತ್ತಾರೆ. ಕ್ಷೇತ್ರ ನಿಜ ಉತ್ತರದಿಂದ ವಾಲಿದ ಕೋನಕ್ಕೆ ನಾಲ್ಕು, ನೆಲದತ್ತ ಬಾಗಿದ ಕೋನಕ್ಕೆ ನಾಲ್ಕು. ಕ್ಷೇತ್ರದ ಒಟ್ಟು ಬಲವನ್ನು ಪ್ರೋಟಾನ್ ಕಾಂತಮಾಪಕ ಹೇಳುತ್ತದೆ. ಹೈಡ್ರೋಜನ್ ಹೇರಳವಾಗಿರುವ ದ್ರವದಲ್ಲಿ ಪ್ರೋಟಾನುಗಳು ಭೂಮಿಯ ಕ್ಷೇತ್ರದ ಸುತ್ತ ಎಷ್ಟು ಚುರುಕಾಗಿ ಬುಗುರಿಯಾಡುತ್ತವೆ ಎಂಬುದೇ ಅಲ್ಲಿ ಅಳತೆ. ಇಷ್ಟನ್ನೂ ಕೂಡಿಸಿ ಯಂತ್ರದ ಸೊನ್ನೆ ಎಲ್ಲಿಗೆ ಜಾರಿದೆ ಎಂದು ತಿದ್ದುತ್ತಾರೆ. ಈ ಶಿಸ್ತು ಪಾಲಿಸಿದವರಿಗೆ ಮಾತ್ರ ಇಂಟರ್‌ಮ್ಯಾಗ್ನೆಟ್ ಎಂಬ ಜಾಗತಿಕ ಜಾಲದಲ್ಲಿ ಪಂಕ್ತಿ. ಅಲಿಬಾಗ್ ಆ ಜಾಲದ ಸದಸ್ಯ.

ಕಪಾಟು ಸೇರಿದ್ದ 1859ರ ಸಂಪುಟಕ್ಕೆ ಜಾಗತಿಕ ಖ್ಯಾತಿ ಬಂದದ್ದು 2003ರಲ್ಲಿ. ಅಮೆರಿಕದ ಬ್ರೂಸ್ ಸುರುತಾನಿ, ಬ್ರೆಜಿಲ್ಲಿನ ವಾಲ್ಟರ್ ಗೊನ್ಸಾಲೆಸ್ ಅವರೊಂದಿಗೆ ನಮ್ಮ ಭೂಕಾಂತತ್ವ ಸಂಸ್ಥೆಯ ಗುರುಬಕ್ಷ್ ಲಖೀನಾ ಮತ್ತು ಶೋಭನಾ ಅಲೆಕ್ಸ್ ಕೊಲಾಬಾದ ಆ ಅಂಕಿಗಳನ್ನು ಹೊರತೆಗೆದು, ಕ್ಯಾರಿಂಗ್ಟನ್ ಬಿರುಗಾಳಿಯ ಬಲವನ್ನು ಅಂದಾಜು ಮಾಡಿದರು. ಕೆಳ ಅಕ್ಷಾಂಶದಿಂದ ಆ ದಿನದ ಇಷ್ಟು ಪೂರ್ಣ ದಾಖಲೆ ಬೇರೆಲ್ಲೂ ಇರಲಿಲ್ಲ. 1,600ರ ಕುಸಿತ ಪೂರ್ತಿ ಆ ಬಳೆಯ ಪ್ರವಾಹದ್ದೇ, ಅಥವಾ ಧ್ರುವದ ಪ್ರವಾಹಗಳೇ ಅಂದು ಇಷ್ಟು ಕೆಳಗೆ ಇಳಿದಿದ್ದವೇ ಎಂಬ ವಾದ ಕೂಡಲೇ ಎದ್ದಿತು, ಇನ್ನೂ ಮುಗಿದಿಲ್ಲ. ಅಷ್ಟು ಬೇಗ ಕುಸಿದು ಅಷ್ಟು ಬೇಗ ಏಳುವುದು ಬಳೆಯ ಸ್ವಭಾವಕ್ಕೆ ಒಗ್ಗುವುದಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ ಎಂದು ನನಗೂ ಅನ್ನಿಸುತ್ತದೆ. 2022ರಲ್ಲಿ ಜಪಾನಿನ ಹಿಸಾಶಿ ಹಯಕಾವಾ ಮತ್ತು ಸಂಗಡಿಗರು ಅದೇ ಕೊಲಾಬಾ ದಾಖಲೆಯ ಮೂರೂ ಘಟಕಗಳನ್ನು ಮರುಪರಿಶೀಲಿಸಿ, ಗಂಟೆಯ ಸರಾಸರಿಯಲ್ಲಿ ಬಿರುಗಾಳಿಯ ಬಲ ಸುಮಾರು 950 ನ್ಯಾನೊಟೆಸ್ಲಾ ಎಂದರು. ಹೋಲಿಕೆಗೆ ಹೇಳುವುದಾದರೆ, 1989ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ಒಂಬತ್ತು ಗಂಟೆ ಕತ್ತಲಲ್ಲಿ ಕೆಡವಿದ ಬಿರುಗಾಳಿಯದು 589.

2024ರ ಮೇ 10ರ ರಾತ್ರಿ ಎರಡು ದಶಕದಲ್ಲೇ ಬಲವಾದ ಬಿರುಗಾಳಿ ಬಂದಾಗ ಅಲಿಬಾಗಿನ ಗೆರೆ ಮೂಸ್ ಬರೆದಿಟ್ಟ ಕ್ರಮದಲ್ಲೇ ಸಾಗಿತು. ಅದೇ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಉತ್ತರದಂಚಿನ ಕೆಂಪು ಹೊಳಪನ್ನು ಸೆರೆಹಿಡಿದವು. ಆ ಸಂಸ್ಥೆಯ ಕೊಡೈಕನಾಲ್ ವೀಕ್ಷಣಾಲಯದ ಸೂರ್ಯಚಿತ್ರಗಳ ಸಾಲೂ ಅಲಿಬಾಗಿನಂತೆ 1904ರಿಂದ ಬಂದದ್ದು. ಒಂದು ಸಾಲು ಸೂರ್ಯನ ಮುಖದ್ದು, ಇನ್ನೊಂದು ಅದರ ಪೆಟ್ಟು ತಿಂದ ಭೂಮಿಯದು. ಇವೆರಡನ್ನೂ ಜೊತೆಗಿಟ್ಟು ಓದುವ ಕೆಲಸ ಆಗಬೇಕಾದಷ್ಟು ಆಗಿಲ್ಲ.

ಈಗ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಇಸ್ರೋದ ನೌಕೆ ಆದಿತ್ಯ–ಎಲ್1 ಇದೆ. ಅದು ಶ್ರೀಹರಿಕೋಟಾದಿಂದ ಹಾರಿದ್ದು 2023ರ ಸೆಪ್ಟೆಂಬರ್ 2ರಂದು. ಮುಹೂರ್ತ ಇಟ್ಟವರಿಗೆ ಕೊಲಾಬಾದ ಆ ಶುಕ್ರವಾರ ನೆನಪಿತ್ತೋ ಇಲ್ಲವೋ! ಅದರ ಮುಖ್ಯ ದೂರದರ್ಶಕ ಸಿದ್ಧವಾದದ್ದು ಹೊಸಕೋಟೆಯಲ್ಲಿ, ಕಾಂತಮಾಪಕ ತಯಾರಾದದ್ದು ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ. ನೌಕೆಯ ಸ್ವಂತ ಕಾಂತಗುಣ ತಾಗದಿರಲೆಂದು ಆ ಕಾಂತಮಾಪಕದ ಸಂವೇದಕಗಳನ್ನು ಆರು ಮೀಟರ್ ಉದ್ದದ ತೋಳಿನ ಮೇಲೆ ಹೊರಗೆ ಚಾಚಿಡಲಾಗಿದೆ. ಸೌರಮಾರುತ ಅದನ್ನು ದಾಟಿ ಭೂಮಿಗೆ ಬರಲು ಸುಮಾರು ಒಂದು ಗಂಟೆ ಹಿಡಿಯುತ್ತದೆ, ಅಷ್ಟು ಮುನ್ಸೂಚನೆ ಸಿಗುತ್ತದೆ. ಉಪಗ್ರಹ ಬಂದ ಮೇಲೆ ನೆಲದ ಕೇಂದ್ರ ಏಕೆ ಎಂದು ಕೇಳುವ ಅಧಿಕಾರಿಗಳು ಎಲ್ಲ ಕಾಲದಲ್ಲೂ ಇರುತ್ತಾರೆ. ಬರುವುದೇನು ಎಂಬುದನ್ನು ಉಪಗ್ರಹ ಹೇಳುತ್ತದೆ, ಬಂದು ಮಾಡಿದ್ದೇನು ಎಂಬುದನ್ನು ನೆಲವೇ ಹೇಳಬೇಕು. ಉಪಗ್ರಹದ ಆಯುಸ್ಸೂ ಕೆಲವೇ ವರ್ಷ.

ಅಲಿಬಾಗ್ ಮೊದಲಿನ ಅಲಿಬಾಗ್ ಅಲ್ಲ. ಮುಂಬೈಯ ಸಿರಿವಂತರ ತೋಟದ ಮನೆಗಳು ಕರಾವಳಿಯುದ್ದಕ್ಕೂ ಎದ್ದಿವೆ. 2020ರಿಂದ ಕಾರುಗಳನ್ನೇ ಹೊತ್ತು ತರುವ ಹಡಗು ಹತ್ತಿರದ ಮಾಂಡ್ವಾಕ್ಕೆ ಬರುತ್ತದೆ. ಒಂದು ಕಾರು ಕಾಂತಮಾಪಕದ ಹತ್ತಿರ ನಿಂತರೆ ಸಾಕು, ಅಂಕಿ ಕೆಡುತ್ತದೆ. ಇನ್ನೊಮ್ಮೆ ಜಾಗ ಬದಲಿಸುವ ಗಳಿಗೆ ಬಂದರೆ ಗಾಬರಿಪಡಬೇಕಿಲ್ಲ, ಮಾಡುವುದು ಹೇಗೆಂದು 1904ರಲ್ಲೇ ಮಾಡಿ ತೋರಿಸಿದ್ದಾರೆ. ಆದರೆ ಎರಡು ವರ್ಷ ಎರಡೂ ಕಡೆ ಸಂಬಳ, ಎರಡೂ ಕಡೆ ಉಪಕರಣ ಎಂದರೆ ಇಂದಿನ ಬಜೆಟ್ ಸಭೆಯಲ್ಲಿ ಒಪ್ಪಿಗೆ ಪಡೆಯುವುದು ಮೂಸ್ ಕಾಲಕ್ಕಿಂತ ಸುಲಭವೇನಲ್ಲ. ಆ ಸಭೆಗೆ ಬೇಕಾದ ಕಾಗದಪತ್ರಗಳನ್ನು ಈಗಲೇ ಸಿದ್ಧಮಾಡಿಡುವುದು ಒಳ್ಳೆಯದು.

2012ರ ಜುಲೈ 23ರಂದು ಸೂರ್ಯನಿಂದ ಕ್ಯಾರಿಂಗ್ಟನ್ ದರ್ಜೆಯ ಮೋಡವೊಂದು ಚಿಮ್ಮಿತು. ಭೂಮಿ ಅದರ ದಾರಿಯಲ್ಲಿರಲಿಲ್ಲ, ಅಮೆರಿಕದ ಸ್ಟೀರಿಯೊ–ಎ ನೌಕೆ ಇತ್ತು, ಅಳೆದು ಕಳಿಸಿತು. ಅಂಥದ್ದು ನಮ್ಮತ್ತಲೇ ಬಂದರೆ ಏನಾದೀತು, ಎಷ್ಟು ವರ್ಷಕ್ಕೊಮ್ಮೆ ಬಂದೀತು ಎಂದು ವಿದ್ಯುತ್ ಜಾಲದವರು, ಉಪಗ್ರಹದವರು, ವಿಮೆ ಕಂಪನಿಯವರು ಕೇಳುತ್ತಲೇ ಇದ್ದಾರೆ. ಉತ್ತರ ಹುಡುಕುವವರ ಬಳಿ ಉಪಗ್ರಹದ ಅಂಕಿ ಇರುವುದು ಕೆಲವೇ ದಶಕದ್ದು. ಅದರ ಹಿಂದಕ್ಕೆ ಹೋಗಬೇಕಾದರೆ ನೆಚ್ಚಬಹುದಾದ ಉದ್ದನೆಯ ಸಾಲುಗಳು ಜಗತ್ತಿನಲ್ಲಿ ಹೆಚ್ಚಿಲ್ಲ, ಅವುಗಳಲ್ಲೂ ಹೆಚ್ಚಿನವು ಯುರೋಪಿನವು. ಉಷ್ಣವಲಯದಿಂದ 1846ರಷ್ಟು ಹಿಂದಕ್ಕೆ ಹೋಗಲು ಅವರು ತೆರೆಯುವುದು ಕೊಲಾಬಾದ ಸಂಪುಟಗಳನ್ನು.